ಮಕ್ಕಳ ಜೊತೆ ಕೇರ್ನ್ಸ್ ಕಡೆ ವನ್ಯಜೀವಿ ಫೋಟೋ: ಎಲ್ಲಿ ಕೂರಬೇಕು, ಹೇಗೆ ಕಾಯಬೇಕು

ಕೇರ್ನ್ಸ್ ಕಡೆಗೆ ರಜೆಗೆ ಹೊರಟವರು ನನ್ನನ್ನು ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ: "ಮಕ್ಕಳೂ ಜೊತೆಗಿರುತ್ತಾರೆ, ಪ್ರಾಣಿ-ಪಕ್ಷಿಗಳ ಒಳ್ಳೆ ಫೋಟೋನೂ ಬೇಕು. ಎರಡೂ ಆಗುತ್ತಾ?" ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್‌ನ ಕನ್ನಡ ಕುಟುಂಬಗಳು ಕೇಳುತ್ತವೆ. ಬೆಂಗಳೂರಿನಿಂದ ಮೊಮ್ಮಕ್ಕಳನ್ನು ನೋಡಲು ಬರುವ ಅಜ್ಜ-ಅಜ್ಜಿಯರೂ ಕೇಳುತ್ತಾರೆ. ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಆದರೆ ಪ್ರಾಣಿಯ ಬೆನ್ನುಹತ್ತಿ ಹೋಗುವ ರೂಢಿ ಬಿಡಬೇಕು. ಪ್ರಾಣಿ ತಾನಾಗಿ ಬರುವ ಜಾಗ ಯಾವುದು, ಹೊತ್ತು ಯಾವುದು ಎಂದು ಮೊದಲೇ ತಿಳಿದುಕೊಂಡು, ಅಲ್ಲಿ ಹೋಗಿ ಕೂರಬೇಕು. ಐದು ವರ್ಷದ ಮಗುವಿನ ಕೈಹಿಡಿದು ಕಾಡಿನಲ್ಲಿ ಹಕ್ಕಿಯ ಹಿಂದೆ ಸುತ್ತಿದರೆ ಮಗುವಿಗೂ ಸುಸ್ತು, ಹಕ್ಕಿಗೂ ಗಾಬರಿ, ನಿಮಗೆ ಸಿಗುವುದು ಹಕ್ಕಿಯ ಬೆನ್ನು ಮಾತ್ರ.

ಈ ಲೇಖನ ಉತ್ತರ ಕ್ವೀನ್ಸ್‌ಲ್ಯಾಂಡಿನ ಕೇರ್ನ್ಸ್ ಸುತ್ತಮುತ್ತಲಿನದು. ಸಮಭಾಜಕದಿಂದ ದಕ್ಷಿಣಕ್ಕೆ ಸುಮಾರು 17 ಡಿಗ್ರಿಯಲ್ಲಿರುವ ಊರು. ಒಂದು ಕಡೆ ಕಡಲು, ಬೆನ್ನಿಗೆ 1988ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮಳೆಕಾಡು, ಅದರಾಚೆ ಬೆಟ್ಟ ಹತ್ತಿದರೆ ಆಥರ್ಟನ್ ಟೇಬಲ್‌ಲ್ಯಾಂಡ್ಸ್ ಎಂಬ ತಂಪು ಪ್ರಸ್ಥಭೂಮಿ. ಕೆಸರುಗಡ್ಡೆಯ ಹಕ್ಕಿಗಳಿಂದ ಹಿಡಿದು ಮರ ಹತ್ತುವ ಕಾಂಗರೂವರೆಗೆ ಎಲ್ಲವೂ ಎರಡು ಗಂಟೆಯ ದಾರಿಯೊಳಗೆ ಇರುವುದರಿಂದ ಮಕ್ಕಳಿರುವವರಿಗೆ ಇದಕ್ಕಿಂತ ಅನುಕೂಲದ ಜಾಗ ನನಗೆ ತಿಳಿದಂತೆ ಆಸ್ಟ್ರೇಲಿಯಾದಲ್ಲಿ ಇನ್ನೊಂದಿಲ್ಲ.

1. ಮೊದಲು ತಿಂಗಳು ಗೊತ್ತುಮಾಡಿಕೊಳ್ಳಿ

ಇಲ್ಲಿ ಲೆಕ್ಕಕ್ಕೆ ಬರುವುದು ಎರಡೇ ಕಾಲ. ಸುಮಾರಾಗಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆಗಾಲ, ಮೇಯಿಂದ ಅಕ್ಟೋಬರ್‌ವರೆಗೆ ಒಣಗಾಲ. ಚಿಕ್ಕ ಮಕ್ಕಳಿದ್ದರೆ ಕಣ್ಣುಮುಚ್ಚಿ ಒಣಗಾಲ ಆರಿಸಿ. ಜೂನ್ ಕೊನೆ, ಜುಲೈ ಮೊದಲ ವಾರಗಳ ಶಾಲಾ ರಜೆ ಇದಕ್ಕೆ ಹೇಳಿ ಮಾಡಿಸಿದ್ದು. ಬೆವರು ಕಡಿಮೆ, ರಸ್ತೆ ಚೆನ್ನಾಗಿರುತ್ತದೆ, ಮೊಸಳೆಗಳು ಬಿಸಿಲು ಕಾಯಿಸಲು ದಡಕ್ಕೆ ಬರುತ್ತವೆ, ಪ್ರಸ್ಥಭೂಮಿಯ ಹೊಲಗಳಲ್ಲಿ ಕೊಕ್ಕರೆಗಳ ದೊಡ್ಡ ಗುಂಪುಗಳಿರುತ್ತವೆ. ಸೆಪ್ಟೆಂಬರ್ ಕೊನೆಯ ರಜೆಯಲ್ಲಿ ಬಂದರೆ ಸೈಬೀರಿಯಾ, ಅಲಾಸ್ಕದ ಕಡೆಯಿಂದ ಬರುವ ವಲಸೆ ಹಕ್ಕಿಗಳು ಆಗತಾನೆ ಇಳಿದಿರುತ್ತವೆ.

ಮಳೆಗಾಲಕ್ಕೂ ಅದರದೇ ಸೊಗಸಿದೆ. ಬಫ್-ಬ್ರೆಸ್ಟೆಡ್ ಪ್ಯಾರಡೈಸ್ ಕಿಂಗ್‌ಫಿಷರ್ ಎಂಬ, ಉದ್ದನೆಯ ಬಿಳಿ ಬಾಲದ ಮಿಂಚುಳ್ಳಿ ನವೆಂಬರ್ ಸುಮಾರಿಗೆ ನ್ಯೂಗಿನಿಯಿಂದ ಹಾರಿಬಂದು ಕಾಡಿನ ನೆಲದ ಗೆದ್ದಲುಹುತ್ತದಲ್ಲಿ ಗೂಡು ಕೊರೆಯುತ್ತದೆ. ಆದರೆ ಆ ತಿಂಗಳುಗಳಲ್ಲಿ ಧಗೆ ವಿಪರೀತ, ಚಂಡಮಾರುತದ ಭಯವೂ ಉಂಟು. 2023ರ ಡಿಸೆಂಬರ್‌ನಲ್ಲಿ ಜಾಸ್ಪರ್ ಚಂಡಮಾರುತದ ಮಳೆಗೆ ಕೇರ್ನ್ಸ್, ಅದರ ಉತ್ತರದ ಡೇನ್‌ಟ್ರೀ ಮಳೆಕಾಡಿನ ಭಾಗದಲ್ಲಿ ಭಾರಿ ಪ್ರವಾಹ ಬಂದು ರಸ್ತೆಗಳೇ ಕೊಚ್ಚಿಹೋದವು. ಮಳೆಗಾಲದಲ್ಲಿ ಬಂದರೆ ಪ್ರತಿ ಬೆಳಿಗ್ಗೆ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿಯೇ ಹೊರಡಿ.

ಕರ್ನಾಟಕದಿಂದ ಏಪ್ರಿಲ್-ಮೇ ರಜೆಗೆ ಬರುವವರು ನಿರಾಸೆಪಡಬೇಕಿಲ್ಲ. ವಲಸೆ ಹಕ್ಕಿಗಳಲ್ಲಿ ಬಹುಪಾಲು ಆಗ ಹೊರಟುಹೋಗಿರುತ್ತವೆ, ಆದರೆ ಬಾತಿನ ಕೊಕ್ಕಿನ ಪ್ಲಾಟಿಪಸ್, ಹಾರಲಾಗದ ದೊಡ್ಡ ಹಕ್ಕಿ ಕ್ಯಾಸೊವರಿ, ಮರಗಪ್ಪೆ ವರ್ಷವಿಡೀ ಇರುತ್ತವೆ. ಮಳೆ ಮುಗಿದ ಹಸಿರು ಆಗ ಕಣ್ಣಿಗೆ ಹಬ್ಬ.

2. ಅರ್ಧ ದಿನಕ್ಕೆ ಒಂದೇ ಪ್ರಾಣಿ

ಎಲ್ಲರೂ ಎಡವುವುದು ಇಲ್ಲೇ. ನಾಲ್ಕು ದಿನದ ಪ್ರವಾಸಕ್ಕೆ ಹತ್ತಾರು ಪ್ರಾಣಿಗಳ ಪಟ್ಟಿ ಮಾಡಿಕೊಂಡು, ದಿನಕ್ಕೆ ಐದಾರು ಗಂಟೆ ಕಾರಿನಲ್ಲೇ ಕಳೆದು, ಮಕ್ಕಳು ರಂಪ ಮಾಡಿ, ಕೊನೆಗೆ ಯಾವುದರದೂ ನೆಟ್ಟಗಿನ ಫೋಟೋ ಸಿಗದೆ ಹಿಂತಿರುಗುತ್ತಾರೆ. ಬೆಳಿಗ್ಗೆ ಒಂದು ಪ್ರಾಣಿ, ಸಂಜೆ ಒಂದು ಪ್ರಾಣಿ ಎಂದು ಇಟ್ಟುಕೊಳ್ಳಿ. ನಡುವಿನ ಹೊತ್ತು ಪೂರಾ ಮಕ್ಕಳದು: ಈಜು, ಐಸ್‌ಕ್ರೀಮ್, ಮಧ್ಯಾಹ್ನದ ನಿದ್ದೆ. ಈ ನೆತ್ತಿಸುಡುವ ಬಿಸಿಲಿನಲ್ಲಿ ಹತ್ತರಿಂದ ಮೂರರವರೆಗೆ ಹೇಗೂ ಫೋಟೋ ಚೆನ್ನಾಗಿ ಬರುವುದಿಲ್ಲ. ಬೆಳಕು ನೇರ ಮೇಲಿನಿಂದ ಬಿದ್ದು ಹಕ್ಕಿಯ ಕಣ್ಣು ನೆರಳಿನಲ್ಲಿ ಮುಳುಗಿಹೋಗುತ್ತದೆ. ಫೋಟೋಗೆ ಒಳ್ಳೆಯ ಹೊತ್ತು ಬೆಳಗಿನ ಮೊದಲ ಎರಡು ಗಂಟೆ, ಸಂಜೆಯ ಕೊನೆಯ ಎರಡು ಗಂಟೆ. ಅದೃಷ್ಟಕ್ಕೆ ಚಿಕ್ಕ ಮಕ್ಕಳು ಹೇಗೂ ಬೆಳಗಾಗುವ ಮುಂಚೆಯೇ ಏಳುತ್ತಾರೆ.

ಗಂಡ-ಹೆಂಡತಿಯಲ್ಲಿ ಒಬ್ಬರಿಗೆ ಮಾತ್ರ ಫೋಟೋ ಹುಚ್ಚಿದ್ದರೆ ಸರದಿಯನ್ನು ಹೊರಡುವ ಮುಂಚೆಯೇ ಮಾತಾಡಿಕೊಳ್ಳಿ. ಬೆಳಗಿನ ಹೊತ್ತು ನಿಮ್ಮದಾದರೆ ಆ ಮಧ್ಯಾಹ್ನ ಮಕ್ಕಳು ನಿಮ್ಮ ಪಾಲಿಗೆ, ಇನ್ನೊಬ್ಬರು ನೆಮ್ಮದಿಯಾಗಿ ಮಲಗಲಿ. ಮಕ್ಕಳನ್ನು ಹಿಡಿದುಕೊಳ್ಳುವ ಕೆಲಸ ಇಡೀ ರಜೆ ಒಬ್ಬರ ಮೇಲೇ ಬೀಳುವುದನ್ನು ತುಂಬಾ ಮನೆಗಳಲ್ಲಿ ನೋಡಿದ್ದೇನೆ. ಅದು ನ್ಯಾಯವಲ್ಲ.

3. ಚೀಲದಲ್ಲಿ ಏನಿರಬೇಕು

ಕ್ಯಾಮೆರಾದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ನಿಮ್ಮಲ್ಲಿರುವ ಯಾವುದೇ ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್, ಅಂದರೆ ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ, ಸಾಕು. ಅದಕ್ಕೆ 70-300 ಅಥವಾ 100-400 ಮಿಲಿಮೀಟರ್‌ನ ಟೆಲಿ ಜೂಮ್, ಅಂದರೆ ದೂರದ್ದನ್ನು ಹತ್ತಿರಕ್ಕೆ ಎಳೆದು ತೋರಿಸುವ ಲೆನ್ಸ್, ಇದ್ದರೆ ಇಲ್ಲಿ ಹೇಳುವ ಎಲ್ಲ ಫೋಟೋ ತೆಗೆಯಬಹುದು. 150-600ರ ಭಾರದ ಲೆನ್ಸ್ ಒಂದು ಭುಜಕ್ಕೆ, ಮಗು ಇನ್ನೊಂದು ಭುಜಕ್ಕೆ ಆಗುವುದಿಲ್ಲ. ಮಕ್ಕಳಿಗೂ ಒಂದು ಹಳೆಯ ಕ್ಯಾಮೆರಾ ಅಥವಾ ಸಿಮ್ ಇಲ್ಲದ ಹಳೆಯ ಫೋನ್ ಕೊಡಿ. ಏಳು-ಎಂಟು ವರ್ಷ ದಾಟಿದವರಿಗೆ 8 ಪಟ್ಟು ದೊಡ್ಡದಾಗಿ ತೋರಿಸುವ ಹಗುರವಾದ ಬೈನಾಕ್ಯುಲರ್ ಕೊಡಿಸಿದರೆ ಅದು ಕ್ಯಾಮೆರಾಕ್ಕಿಂತ ಹೆಚ್ಚು ಹೊತ್ತು ಅವರನ್ನು ಹಿಡಿದು ಕೂರಿಸುತ್ತದೆ.

ಉಳಿದಂತೆ ಉದ್ದ ತೋಳಿನ ತೆಳು ಅಂಗಿ, ಟೋಪಿ, ಸನ್‌ಸ್ಕ್ರೀನ್, ತಲಾ ಒಂದು ಲೀಟರ್‌ಗಿಂತ ಹೆಚ್ಚು ನೀರು, ಹಾವು ಕಚ್ಚಿದರೆ ಸುತ್ತುವ ಅಗಲವಾದ ಇಲಾಸ್ಟಿಕ್ ಬ್ಯಾಂಡೇಜ್. ಸೊಳ್ಳೆ ಓಡಿಸುವ ಲೇಪನದ ಬಗ್ಗೆ ಒಂದು ಮಾತು: ಡೀಟ್ ಎಂಬ ರಾಸಾಯನಿಕ ಇರುವ ಲೇಪನ ಸೊಳ್ಳೆಗೆ ಒಳ್ಳೆಯ ಮದ್ದು, ಆದರೆ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಹಚ್ಚಿಕೊಂಡ ಕೈಯಲ್ಲಿ ಕ್ಯಾಮೆರಾ ಮುಟ್ಟಿದರೆ ಗುಂಡಿಗಳು, ರಬ್ಬರ್ ಹಿಡಿ ಅಂಟಂಟಾಗುತ್ತವೆ. ಹಚ್ಚಿದ ಮೇಲೆ ಅಂಗೈಯನ್ನು ಸೋಪಿನಲ್ಲಿ ತೊಳೆದೇ ಕ್ಯಾಮೆರಾ ಎತ್ತಿಕೊಳ್ಳಿ.

ಬಾಡಿಗೆ ಕಾರು ತೆಗೆದುಕೊಳ್ಳುವವರು ಮಕ್ಕಳ ಸೀಟನ್ನು ಮುಂಚಿತವಾಗಿ ಹೇಳಿಡಿ. ಕ್ವೀನ್ಸ್‌ಲ್ಯಾಂಡಿನಲ್ಲಿ 7 ವರ್ಷದೊಳಗಿನ ಮಕ್ಕಳಿಗೆ ವಯಸ್ಸಿಗೆ ತಕ್ಕ ಸೀಟು ಕಡ್ಡಾಯ. ತೊಡೆಯ ಮೇಲೆ ಕೂರಿಸಿಕೊಳ್ಳುವ ಮಾತೇ ಇಲ್ಲ. ಭಾರತದಿಂದ ಬರುವವರು ವಿಮಾನ ನಿಲ್ದಾಣದಲ್ಲಿ ಉಪ್ಪಿನಕಾಯಿ, ಚಟ್ನಿಪುಡಿ, ಬೀಜ, ಹಪ್ಪಳ ಏನೇ ಇದ್ದರೂ ಘೋಷಿಸಿ. ಮಣ್ಣು ಮೆತ್ತಿದ ಶೂಗಳನ್ನು ಊರಿನಲ್ಲೇ ತೊಳೆದು ತನ್ನಿ.

4. ಲೆನ್ಸ್ ಮಂಜಾಗುವುದನ್ನು ತಡೆಯುವುದು

ಎಸಿ ಕೋಣೆಯಿಂದ ನೇರ ಹೊರಗೆ ಬಂದು ಕ್ಯಾಮೆರಾ ತೆಗೆದರೆ ಲೆನ್ಸಿನ ಮೇಲೆ ಹಬೆ ಕೂತು ಹದಿನೈದು-ಇಪ್ಪತ್ತು ನಿಮಿಷ ಏನೂ ಕಾಣಿಸುವುದಿಲ್ಲ. ಅಷ್ಟರಲ್ಲಿ ಬೆಳಗಿನ ಬೆಳಕು ಹೋಗಿರುತ್ತದೆ. ಬಟ್ಟೆಯಿಂದ ಒರೆಸಿದರೆ ಮತ್ತೆ ಕೂರುತ್ತದೆ. ಇದಕ್ಕೆ ಮಾಡಬೇಕಾದ್ದು ಸುಲಭ: ಹಿಂದಿನ ರಾತ್ರಿಯೇ ಕ್ಯಾಮೆರಾ ಚೀಲವನ್ನು ಎಸಿ ಇಲ್ಲದ ಕಡೆ, ಬಚ್ಚಲಿನಲ್ಲೋ ಬೀಗ ಹಾಕಿದ ಕಾರಿನ ಡಿಕ್ಕಿಯಲ್ಲೋ ಇಡಿ. ಆಗದಿದ್ದರೆ ಜಿಪ್ ಮುಚ್ಚಿದ ಚೀಲದಲ್ಲೇ ಅರ್ಧ ಗಂಟೆ ಹೊರಗಿಟ್ಟು ಆಮೇಲೆ ತೆರೆಯಿರಿ. ಹಬೆ ಇರುವಾಗ ಲೆನ್ಸ್ ಬದಲಿಸಲೇಬೇಡಿ, ತೇವ ಒಳಗೆ ಹೋದರೆ ಬೂಷ್ಟು ಹಿಡಿಯುತ್ತದೆ. ಇಲ್ಲಿಯೇ ಮನೆಮಾಡಿ ಇರುವವರು ಮುಚ್ಚಳ ಬಿಗಿಯಾಗಿ ಕೂರುವ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಲೆನ್ಸ್ ಇಡಬೇಕು. ಕರಾವಳಿ, ಮಲೆನಾಡಿನವರಿಗೆ ಈ ಬೂಷ್ಟಿನ ಕಾಟ ಹೇಳಿಕೊಡಬೇಕಿಲ್ಲ.

5. ಮೊಸಳೆಯ ನಿಯಮ, ಚರ್ಚೆಗೆ ಅವಕಾಶವಿಲ್ಲ

ಫೋಟೋಗ್ರಫಿ ಕಲಿಸುವವರೆಲ್ಲ ಹೇಳುವ ಮಾತು: ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಇಳಿಯಿರಿ, ನೀರಿನ ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ ತೆಗೆಯಿರಿ. ಇಲ್ಲಿನ ತಗ್ಗುಪ್ರದೇಶದ ಯಾವ ನೀರಿನ ಬಳಿಯೂ ಈ ಮಾತು ಕೇಳಬೇಡಿ. ಉಪ್ಪುನೀರಿನ ಮೊಸಳೆ ಎಂದು ಕರೆದರೂ ಅದು ಹೊಳೆ, ಹಳ್ಳ, ಜೌಗು, ಕಡಲ ದಡ ಎಲ್ಲ ಕಡೆ ಇರುತ್ತದೆ. ಕಲಕಿದ ನೀರಿನಲ್ಲಿ ಒಂದಿಷ್ಟೂ ಸುಳಿವು ಕೊಡದೆ ಮುಳುಗಿರುತ್ತದೆ. ಕ್ವೀನ್ಸ್‌ಲ್ಯಾಂಡ್ ಸರ್ಕಾರದ ಸೂಚನೆ ಹೀಗಿದೆ: ನೀರಿನ ಅಂಚಿನಿಂದ ಕನಿಷ್ಠ 5 ಮೀಟರ್ ದೂರವಿರಿ, ಡೇರೆ ಹಾಕುವುದಾದರೆ ಕನಿಷ್ಠ 50 ಮೀಟರ್. ಮಕ್ಕಳಿಗೆ ಮೀಟರ್ ಲೆಕ್ಕ ತಿಳಿಯದು. "ಅಮ್ಮನೋ ಅಪ್ಪನೋ ನಿಂತ ಜಾಗ ದಾಟಿ ನೀರಿನ ಕಡೆ ಒಂದು ಹೆಜ್ಜೆಯೂ ಇಲ್ಲ" ಎಂದು ಹೇಳಿ, ನೀವೂ ಹಾಗೆಯೇ ನಡೆದುಕೊಳ್ಳಿ. ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ದಿನಾ ಹೋಗಿ ನಿಲ್ಲುವುದೂ ಅಪಾಯ, ಮೊಸಳೆ ಅದನ್ನು ಗಮನಿಸುತ್ತದೆ.

ಮೊಸಳೆಯ ಫೋಟೋ ಬೇಕೆಂದರೆ ಡೇನ್‌ಟ್ರೀ ನದಿಯಲ್ಲಿ ದೋಣಿ ವಿಹಾರಕ್ಕೆ ಹೋಗಿ. ತಂಪಿನ ತಿಂಗಳುಗಳಲ್ಲಿ ನೀರಿಳಿತದ ಹೊತ್ತಿಗೆ ಅವು ಕೆಸರುದಂಡೆಯ ಮೇಲೆ ಬಿಸಿಲು ಕಾಯಿಸುತ್ತಾ ಬಿದ್ದಿರುತ್ತವೆ. ದೋಣಿಯಿಂದ ನೀರಿನ ಮಟ್ಟದ ಕೋನವೂ ಸಿಗುತ್ತದೆ, ಮಕ್ಕಳೂ ಕ್ಷೇಮ. ಕೈ ಹೊರಗೆ ಚಾಚದಂತೆ ನೋಡಿಕೊಂಡರಾಯಿತು.

ಇನ್ನು ಕಡಲು. ನವೆಂಬರ್‌ನಿಂದ ಮೇವರೆಗೆ ಬಾಕ್ಸ್ ಜೆಲ್ಲಿಫಿಶ್, ಇರುಕಾಂಜಿ ಎಂಬ ಪ್ರಾಣಕ್ಕೆ ಕುತ್ತು ತರುವ ಲೋಳೆಮೀನುಗಳ ಕಾಲ. ಬಲೆ ಕಟ್ಟಿದ, ಕಾವಲಿರುವ ಕಡೆ ಮಾತ್ರ ನೀರಿಗಿಳಿಯಿರಿ. ಕಾಡಿನಲ್ಲಿ ಗಿಂಪಿ-ಗಿಂಪಿ ಎಂಬ ಗಿಡದ ಹೃದಯಾಕಾರದ, ಗರಗಸದ ಅಂಚಿನ ಎಲೆಗಳನ್ನು ಮಕ್ಕಳಿಗೆ ಚಿತ್ರ ತೋರಿಸಿ ಗುರುತು ಹಿಡಿಸಿ. ಎಲೆಯ ಮೇಲಿನ ನವಿರು ಕೂದಲು ಚರ್ಮಕ್ಕೆ ಹೊಕ್ಕರೆ ನೋವು ತಿಂಗಳುಗಟ್ಟಲೆ ಮರುಕಳಿಸುತ್ತದೆ. ಅದು ಹೆಚ್ಚಾಗಿ ಬೆಳೆಯುವುದು ದಾರಿಯಂಚಿನಲ್ಲಿ, ಬಿಸಿಲು ಬೀಳುವ ತೆರಪಿನಲ್ಲಿ. ಅಂದರೆ ಫೋಟೋಗೆಂದು ನೀವು ಹೆಜ್ಜೆ ಪಕ್ಕಕ್ಕಿಡುವ ಜಾಗದಲ್ಲೇ. ಇಂಬಳಗಳೂ ಇವೆ, ಅವು ಕಚ್ಚಿದರೆ ರಕ್ತ ಹೋಗುತ್ತದೆ ಅಷ್ಟೇ. ತುರ್ತಿಗೆ ಕರೆ ಮಾಡಬೇಕಾದ ಸಂಖ್ಯೆ 000.

6. ಮೊದಲ ದಿನ: ಜಗಲಿ ಮತ್ತು ಎಸ್ಪ್ಲನೇಡ್

ಬಂದ ದಿನವೇ ಕಾಡಿಗೆ ಓಡಬೇಡಿ. ಉಳಿದುಕೊಂಡ ಮನೆಯ ಜಗಲಿಯನ್ನು ಒಮ್ಮೆ ನೋಡಿ. ನಮ್ಮ ಸೂರಕ್ಕಿಯ ಬಳಗದ, ಹಳದಿ ಹೊಟ್ಟೆಯ ಸಣ್ಣ ಹಕ್ಕಿ ಈ ಊರಿನ ಜಗಲಿಗಳಲ್ಲಿ, ಬಟ್ಟೆ ಒಣಗಿಸುವ ತಂತಿಯಲ್ಲಿ, ನೇತುಹಾಕಿದ ಕುಂಡಗಳಲ್ಲಿ ಗೂಡು ಕಟ್ಟುತ್ತದೆ. ಗೂಡು ನೋಡಲು ಜೇಡರಬಲೆಗೆ ಸಿಕ್ಕಿಬಿದ್ದ ಒಣಎಲೆಯ ಗೊಂಚಲಿನಂತೆ ತೂಗಾಡುತ್ತಿರುತ್ತದೆ. ಬಾಗಿಲಿಗೆ ಸಣ್ಣ ಸೂರು, ಕೆಳಗೆ ಉದ್ದನೆಯ ಬಾಲ. ಗೂಡಿನಲ್ಲಿ ಹಕ್ಕಿ ಕೂತಿದ್ದರೆ ದೂರದಿಂದ ಎರಡು ಫೋಟೋ ತೆಗೆದು ಸರಿದುಬಿಡಿ, ಫ್ಲ್ಯಾಷ್ ಬೇಡ. ಅದು ಹೂವಿಗೆ ಬರುವುದನ್ನು ಕಾದು ತೆಗೆದ ಫೋಟೋ ಗೂಡಿನ ಫೋಟೋಗಿಂತ ಯಾವಾಗಲೂ ಚೆನ್ನ. ಹೂವಿನ ಗಿಡದೆದುರು ಮಕ್ಕಳ ಜೊತೆ ಕೂತು, ಅದು ಯಾವ ಹೂವಿನಿಂದ ಯಾವ ಹೂವಿಗೆ ಹೋಗುತ್ತದೆ ನೋಡಿಕೊಂಡರೆ, ಸ್ವಲ್ಪ ಹೊತ್ತಿಗೆ ಮುಂದಿನ ಹೂವು ಯಾವುದೆಂದು ಮಕ್ಕಳೇ ಹೇಳತೊಡಗುತ್ತಾರೆ. ಕ್ಯಾಮೆರಾ ಅಲ್ಲಿಗೆ ಗುರಿಯಿಟ್ಟು ಕಾಯಿರಿ.

ಸಂಜೆಗೆ ಕೇರ್ನ್ಸ್ ಎಸ್ಪ್ಲನೇಡ್, ಅಂದರೆ ಕಡಲ ದಂಡೆಯ ನಡಿಗೆಹಾದಿ. ಇಲ್ಲಿ ಮರಳಿಲ್ಲ, ನೀರಿಳಿದಾಗ ಕಣ್ಣು ಹಾಯುವಷ್ಟು ಕೆಸರು. ವಲಸೆ ಹಕ್ಕಿಗಳು ಇಳಿಯುವುದು ಈ ಕೆಸರಿಗೆ, ಹುಳು-ಏಡಿ ಹೆಕ್ಕಲು. ಕೆಳಗೆ ಬಾಗಿದ ಬಹಳ ಉದ್ದನೆಯ ಕೊಕ್ಕಿನದು ಈಸ್ಟರ್ನ್ ಕರ್ಲ್ಯೂ. ವಲಸೆ ಬರುವ ಕಡಲಂಚಿನ ಹಕ್ಕಿಗಳಲ್ಲೇ ಅತಿ ದೊಡ್ಡದು, ಆಸ್ಟ್ರೇಲಿಯಾದಲ್ಲಿ ಅಳಿವಿನ ಅಂಚಿಗೆ ಬಂದಿರುವ ಪಟ್ಟಿಯಲ್ಲಿದೆ. ಇಲ್ಲಿ ನಿಮ್ಮ ಗಡಿಯಾರಕ್ಕಿಂತ ಉಬ್ಬರವಿಳಿತದ ವೇಳಾಪಟ್ಟಿ ಮುಖ್ಯ. ಹವಾಮಾನ ಇಲಾಖೆ ಅದನ್ನು ಪ್ರಕಟಿಸುತ್ತದೆ. ನೀರು ಪೂರ್ತಿ ಇಳಿದಾಗ ಹೋದರೆ ಹಕ್ಕಿಗಳು ಚುಕ್ಕೆಗಳಾಗಿ ದೂರದಲ್ಲಿರುತ್ತವೆ. ಪೂರ್ತಿ ಏರಿದಾಗ ಹೋದರೆ ಕೆಸರೇ ಮುಳುಗಿ ಹಕ್ಕಿಗಳು ಬೇರೆಡೆ ಹಾರಿರುತ್ತವೆ. ನೀರು ಏರುತ್ತಾ ಬರುವಾಗ ಹೋಗಿ. ಅಲೆ ಅವುಗಳನ್ನು ಹೆಜ್ಜೆಹೆಜ್ಜೆಯಾಗಿ ನಿಮ್ಮ ಕಡೆಗೇ ತಳ್ಳಿಕೊಂಡು ಬರುತ್ತದೆ. ದಂಡೆ ಪೂರ್ವಕ್ಕೆ ಮುಖಮಾಡಿರುವುದರಿಂದ ಬೆಳಿಗ್ಗೆ ಸೂರ್ಯ ಕಣ್ಣಿಗೆ ಹೊಡೆಯುತ್ತಾನೆ, ಮಧ್ಯಾಹ್ನ ಮೂರರ ಮೇಲೆ ಬೆಳಕು ನಿಮ್ಮ ಬೆನ್ನಿಗಿರುತ್ತದೆ. ಮಧ್ಯಾಹ್ನದ ಮೇಲೆ ನೀರೇರುವ ದಿನ ಸಿಕ್ಕರೆ ಬಿಡಬೇಡಿ. ಕೆಸರಿಗೆ ಇಳಿಯಬೇಡಿ, ಹಕ್ಕಿಗಳನ್ನು ಹಾರಿಸಿ ಫೋಟೋ ತೆಗೆಯುವ ಆಸೆಯೂ ಬೇಡ. ಸಾವಿರಾರು ಕಿಲೋಮೀಟರ್ ಹಾರಿ ಬಂದವು, ಮತ್ತೆ ಅಷ್ಟೇ ದೂರ ಹೋಗಬೇಕಾದವು, ತಿಂದ ಪ್ರತಿ ತುತ್ತೂ ಅವಕ್ಕೆ ಬೇಕು.

ಅದೇ ದಂಡೆಯಲ್ಲಿ ಲಗೂನ್ ಎಂಬ ಉಚಿತ ಈಜುಕೊಳ, ಮಡ್ಡೀಸ್ ಎಂಬ ಮಕ್ಕಳ ಆಟದ ಜಾಗ ಇವೆ. ಒಬ್ಬರು ಅಲ್ಲಿ, ಒಬ್ಬರು ಇಲ್ಲಿ, ಗಂಟೆಗೊಮ್ಮೆ ಅದಲುಬದಲು.

ಸೆಟ್ಟಿಂಗ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಶಟರ್ ಸ್ಪೀಡ್ ಎಂದರೆ ಕ್ಯಾಮೆರಾ ಕಣ್ಣು ತೆರೆದಿರುವ ಹೊತ್ತು. ಅದು ಕಡಿಮೆಯಾದಷ್ಟೂ ಚಲನೆ ಮಸುಕಾಗದೆ ನಿಲ್ಲುತ್ತದೆ. ನಿಂತ ಹಕ್ಕಿಗೆ 1/500 ಸೆಕೆಂಡ್, ನಡೆಯುವುದಕ್ಕೆ 1/1000, ಹಾರುವುದಕ್ಕೆ 1/2000. ಐಎಸ್‌ಒ, ಅಂದರೆ ಬೆಳಕನ್ನು ಹಿಗ್ಗಿಸುವ ಪ್ರಮಾಣ, ಅದನ್ನು ಆಟೋದಲ್ಲಿ ಬಿಡಿ. ಫೋಟೋದಲ್ಲಿ ಸ್ವಲ್ಪ ಕಾಳುಕಾಳು ಕಂಡರೆ ಪರವಾಗಿಲ್ಲ, ಮಸುಕಾದರೆ ಮಾತ್ರ ಏನೂ ಮಾಡಲಾಗದು.

7. ಪ್ಲಾಟಿಪಸ್: ಯಂಗಬರಾದ ಹಳ್ಳದ ಪಕ್ಕ

ಮಕ್ಕಳಿರುವ ಮನೆಯವರು ಒಂದೇ ಒಂದು ಕೆಲಸ ಮಾಡಲು ಸಾಧ್ಯವೆಂದರೆ ಇದನ್ನು ಮಾಡಿ. ಮೊಟ್ಟೆಯಿಡುವ, ಬಾತಿನ ಕೊಕ್ಕಿನ, ಮರಿಗೆ ಹಾಲೂಡಿಸುವ ಈ ಪ್ರಾಣಿ ಆಸ್ಟ್ರೇಲಿಯಾ ಬಿಟ್ಟರೆ ಬೇರೆಲ್ಲೂ ಕಾಡಿನಲ್ಲಿಲ್ಲ. ಪ್ರಸ್ಥಭೂಮಿಯ ಯಂಗಬರಾ ಎಂಬ ಪುಟ್ಟ ಊರಿನಲ್ಲಿ ಪೀಟರ್ಸನ್ ಕ್ರೀಕ್ ಹಳ್ಳಕ್ಕೆ ಪ್ಲಾಟಿಪಸ್ ನೋಡಲೆಂದೇ ಕಟ್ಟಿದ ಅಟ್ಟಣೆಯಿದೆ.

ಕೇರ್ನ್ಸ್‌ನಿಂದ ಅಲ್ಲಿಗೆ ಹೋಗುವ ಗಿಲ್ಲೀಸ್ ರೇಂಜ್ ರಸ್ತೆಯಲ್ಲಿ 19 ಕಿಲೋಮೀಟರಿಗೆ 263 ತಿರುವು. ಆಗುಂಬೆ, ಚಾರ್ಮಾಡಿ ಘಾಟಿ ಹತ್ತಿದವರಿಗೆ ರಸ್ತೆಯ ಬಗ್ಗೆ ಹೇಳಬೇಕಿಲ್ಲ. ಮಕ್ಕಳಿಗೆ ಹೊಟ್ಟೆತುಂಬ ತಿನ್ನಿಸಿ ಹೊರಡಬೇಡಿ, ಫೋನ್ ಕೈಗೆ ಕೊಡಬೇಡಿ. ಬೆಳಗಿನ ಹೊತ್ತಿಗೇ ಹಳ್ಳದ ಬಳಿ ಇರಬೇಕೆಂದರೆ ಹಿಂದಿನ ರಾತ್ರಿ ಯಂಗಬರಾದಲ್ಲೇ ಉಳಿಯುವುದು ಜಾಣತನ. ನಸುಕಿನಲ್ಲಿ ರಸ್ತೆಗೆ ವಾಲಬಿಗಳು, ಅಂದರೆ ಸಣ್ಣ ಕಾಂಗರೂಗಳು, ಅಡ್ಡ ಬರುತ್ತವೆ. ಜೂನ್-ಜುಲೈನಲ್ಲಿ ಇಲ್ಲಿ ರಾತ್ರಿ 10 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ, ಸ್ವೆಟರ್ ಮರೆಯಬೇಡಿ.

ಹಳ್ಳದ ಬಳಿ ಹೀಗೆ ಮಾಡಿ:

ಬೆಳಕು ಹರಿಯುವ ಮುಂಚೆ, ಅಥವಾ ಸಂಜೆ ಸೂರ್ಯ ಮುಳುಗುವುದಕ್ಕೆ ಒಂದು ಗಂಟೆ ಮುಂಚೆ ಹೋಗಿ ಕೂತುಬಿಡಿ. ನೀರಿನ ಮೇಲ್ಮೈಯನ್ನು ಮಾತ್ರ ನೋಡಿ. ಮೊದಲು ಕಾಣುವುದು ಪ್ರಾಣಿಯಲ್ಲ, ಗುಳ್ಳೆಗಳ ಸಾಲು. ಪ್ಲಾಟಿಪಸ್ ಕಣ್ಣು-ಕಿವಿ ಮುಚ್ಚಿಕೊಂಡು ತಳದ ಕೆಸರನ್ನು ಕೊಕ್ಕಿನಿಂದ ಕೆದಕುತ್ತದೆ. ಹುಳುಗಳ ಮೈಯಿಂದ ಹೊಮ್ಮುವ ಸಣ್ಣ ವಿದ್ಯುತ್ತನ್ನು ಆ ಕೊಕ್ಕಿನಿಂದಲೇ ಗ್ರಹಿಸುತ್ತದೆ. ಅದು ಹೋದ ದಾರಿಗುಂಟ ಗುಳ್ಳೆ ಏಳುತ್ತದೆ. ಗುಳ್ಳೆ ಕಾಯುವ ಕೆಲಸ ಮಕ್ಕಳಿಗೆ ವಹಿಸಿ. ಕಂಡಾಗ ಕೂಗಬಾರದು, ಬೆರಳು ತೋರಿಸಬೇಕು. ಈ ಒಂದು ಜವಾಬ್ದಾರಿ ಕೊಟ್ಟರೆ ಹಠದ ಮಕ್ಕಳೂ ಅರ್ಧ ಗಂಟೆ ಉಸಿರು ಬಿಗಿಹಿಡಿದು ಕೂರುತ್ತಾರೆ.

ಅರ್ಧದಿಂದ ಎರಡು ನಿಮಿಷದ ಮುಳುಗಿನ ನಂತರ ಅದು ಮೇಲೆ ಬಂದು, ಕೆನ್ನೆಯ ಚೀಲದಲ್ಲಿ ತುಂಬಿಕೊಂಡದ್ದನ್ನು ಹತ್ತಾರು ಸೆಕೆಂಡ್ ಜಗಿದು ಮತ್ತೆ ಮುಳುಗುತ್ತದೆ. ನಿಮ್ಮ ಚಲನೆಯನ್ನೆಲ್ಲ ಅದು ಮುಳುಗಿರುವಾಗ ಮಾಡಿಕೊಳ್ಳಿ: ಕ್ಯಾಮೆರಾ ಎತ್ತುವುದು, ಜಾಗ ಬದಲಿಸುವುದು, ಮಗುವನ್ನು ತೊಡೆಗೆ ಎಳೆದುಕೊಳ್ಳುವುದು. ಮೇಲೆ ಬಂದಾಗ ಎಲ್ಲರೂ ಸ್ತಬ್ಧ. ಬೆಳಕು ಕಡಿಮೆ, ಆದ್ದರಿಂದ ಶಟರ್ 1/200ರಿಂದ 1/320, ಐಎಸ್‌ಒ 3200, 6400 ಏರಿದರೂ ಏರಲಿ. ಅಟ್ಟಣೆಯ ಕಟಕಟೆಗೆ ಲೆನ್ಸ್ ಊರಿ. ಜಗಿಯುವಾಗ ಅದು ನೀರಿನ ಮೇಲೆ ಚಪ್ಪಟೆಯಾಗಿ ತೇಲುತ್ತದೆ, ಬೆನ್ನ ಮೇಲಿನ ನೀರಹನಿ, ಕೊಕ್ಕಿನ ತುದಿಯ ಎರಡು ಮೂಗಿನ ತೂತು ಸ್ಪಷ್ಟವಾಗಿ ಕಾಣುತ್ತವೆ. ಫ್ಲ್ಯಾಷ್ ಖಂಡಿತ ಬೇಡ. ದಡಕ್ಕೆ ಬಂದರೂ ಮುಟ್ಟುವ ಮಾತಿಲ್ಲ. ಗಂಡಿನ ಹಿಂಗಾಲಿನಲ್ಲಿ ವಿಷದ ಮುಳ್ಳಿದೆ.

8. ಸಂಜೆ: ಕೊಕ್ಕರೆಗಳು, ಬಾತುಗಳು

ಪ್ರಸ್ಥಭೂಮಿಯಲ್ಲಿ ಇನ್ನೊಂದು ರಾತ್ರಿ ಉಳಿಯುವುದಾದರೆ ಆಥರ್ಟನ್ ಹತ್ತಿರದ ಹೇಸ್ಟೀಸ್ ಸ್ವಾಂಪ್‌ಗೆ ಹೋಗಿ. ಎರಡು ಅಂತಸ್ತಿನ ಹಕ್ಕಿ ವೀಕ್ಷಣೆಯ ಮನೆಯಿದೆ, ಮಳೆ ಬಂದರೂ ಮಕ್ಕಳು ನೆನೆಯುವುದಿಲ್ಲ. ಒಣಗಾಲದಲ್ಲಿ ಸಿಳ್ಳೆ ಹಾಕುವ ಬಾತುಗಳು ದಂಡುಗಟ್ಟಿ ಸೇರಿರುತ್ತವೆ. ಮಲಾಂಡಾ ಕಡೆಯ ಬ್ರೋಮ್‌ಫೀಲ್ಡ್ ಸ್ವಾಂಪ್ ಎಂಬ ಹಳೆಯ ಜ್ವಾಲಾಮುಖಿ ಕುಳಿಗೆ ಸಂಜೆ ಕೊಕ್ಕರೆಗಳು ರಾತ್ರಿ ತಂಗಲು ಇಳಿಯುತ್ತವೆ. ಅವುಗಳಲ್ಲಿ ಎರಡು ಬಗೆ. ನಮ್ಮ ಉತ್ತರ ಭಾರತದ ಗದ್ದೆಗಳಲ್ಲಿರುವ ಸಾರಸದ ಆಸ್ಟ್ರೇಲಿಯಾದ ಬಂಧು ಒಂದು, ಇಲ್ಲಿನದೇ ಆದ ಬ್ರೋಲ್ಗಾ ಇನ್ನೊಂದು. ಕೆಂಪು ಬಣ್ಣ ಕುತ್ತಿಗೆಯವರೆಗೆ ಇಳಿದಿದ್ದು ಕಾಲು ಗುಲಾಬಿಯಾಗಿದ್ದರೆ ಸಾರಸ. ಕೆಂಪು ತಲೆಯಲ್ಲೇ ನಿಂತು, ಗದ್ದದ ಕೆಳಗೆ ಜೋಲು ಚರ್ಮವಿದ್ದು, ಕಾಲು ಬೂದು ಬಣ್ಣದ್ದಾದರೆ ಬ್ರೋಲ್ಗಾ. ಹಗಲಿನಲ್ಲಿ ಇವು ಕಟಾವಾದ ಮೆಕ್ಕೆಜೋಳದ ಹೊಲಗಳಲ್ಲಿ ಮೇಯುತ್ತವೆ. ರಸ್ತೆ ಬದಿಗೆ ಸುರಕ್ಷಿತವಾಗಿ ನಿಲ್ಲಿಸಿ, ಕಾರಿನ ಕಿಟಕಿಯಿಂದಲೇ ತೆಗೆಯಿರಿ. ಬೇಲಿ ದಾಟಬೇಡಿ. ರೈತರ ಹೊಲ ಅದು.

9. ಕ್ಯಾಸೊವರಿ: ಅದು ಬಂದರೆ ಬರಲಿ

ಕ್ಯಾಸೊವರಿ ಹಾರಲಾಗದ, ಹೆಚ್ಚುಕಡಿಮೆ ಆಳೆತ್ತರದ, ನೀಲಿ ಕುತ್ತಿಗೆಯ ಕಪ್ಪು ಹಕ್ಕಿ. ಕಾಡಿನ ದೊಡ್ಡ ಹಣ್ಣುಗಳನ್ನು ಇಡಿಯಾಗಿ ನುಂಗಿ ಬೀಜಗಳನ್ನು ದೂರದೂರಕ್ಕೆ ಒಯ್ಯುವುದು ಅದೇ. ಮೊಟ್ಟೆಗೆ ಕಾವು ಕೊಡುವುದು, ಪಟ್ಟೆಪಟ್ಟೆಯ ಮರಿಗಳನ್ನು ತಿಂಗಳುಗಟ್ಟಲೆ ಸಾಕುವುದು ಅಪ್ಪ. ಮಕ್ಕಳಿಗೆ ಹೇಳಿ, ಖುಷಿಪಡುತ್ತಾರೆ. ಇನ್ನಿಸ್‌ಫೇಲ್ ಹತ್ತಿರದ ಎಟಿ ಬೇ ಕಡಲತೀರ, ಮಿಷನ್ ಬೀಚ್, ಡೇನ್‌ಟ್ರೀ ನದಿಯಾಚೆಯ ಕೇಪ್ ಟ್ರಿಬ್ಯುಲೇಷನ್ ಇವು ಕಾಣಸಿಗುವ ಜಾಗಗಳು. ಎಟಿ ಬೇಯಲ್ಲಿ ಅದು ಮರಳಿನ ಮೇಲೇ ನಡೆದುಕೊಂಡು ಬರುವುದುಂಟು. ಡೇನ್‌ಟ್ರೀ ದಾಟಿದ ಮೇಲೆ ಫೋನ್ ಸಿಗ್ನಲ್ ಸಿಗುವುದು ಕಷ್ಟ, ನಕ್ಷೆಯನ್ನು ಮೊದಲೇ ಇಳಿಸಿಕೊಂಡು ಹೋಗಿ.

ಇದಕ್ಕೆ ಕಾಲಿನ ಒಳಬೆರಳಿನಲ್ಲಿ ಚೂರಿಯಂಥ ಉಗುರಿದೆ, ಸುಮಾರು 12 ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ಸಾಮಾನ್ಯವಾಗಿ ತಂಟೆಗೆ ಬರುವುದಿಲ್ಲ. ತಂಟೆಗೆ ಬರುವುದು ಜನ ತಿನ್ನಿಸಿ ರೂಢಿ ಮಾಡಿಸಿದ ಹಕ್ಕಿ, ಮರಿಗಳಿರುವ ಅಪ್ಪ. ತಿನ್ನಿಸುವುದು ಕಾನೂನಿಗೆ ವಿರುದ್ಧ. ನಾವು ಬುತ್ತಿ ಬಿಚ್ಚುವವರು, ಚಿತ್ರಾನ್ನದ ಜೊತೆ ಬಾಳೆಹಣ್ಣು ಇದ್ದೇ ಇರುತ್ತದೆ. ಹಕ್ಕಿ ಕಂಡ ಕೂಡಲೇ ಎಲ್ಲವನ್ನೂ ಡಬ್ಬಿಗೆ ಹಾಕಿ ಕಾರಿನೊಳಗಿಡಿ. ಎದುರಾದರೆ ಓಡಬೇಡಿ. ಮಗುವನ್ನು ಹಿಂದಕ್ಕೆ ಸರಿಸಿ, ಅದರ ಕಡೆ ಮುಖವಿಟ್ಟುಕೊಂಡೇ ನಿಧಾನ ಹಿಂದೆ ಸರಿಯಿರಿ, ಕ್ಯಾಮೆರಾ ಚೀಲವನ್ನು ಅದಕ್ಕೂ ನಿಮಗೂ ನಡುವೆ ಹಿಡಿಯಿರಿ. ಫೋಟೋ ಕಾರಿನೊಳಗಿಂದ ತೆಗೆಯಿರಿ, ಅದೇ ಚೆನ್ನಾಗಿ ಬರುತ್ತದೆ.

ಕಪ್ಪು ಮೈ ತೆರೆಯನ್ನೆಲ್ಲ ತುಂಬಿದಾಗ ಕ್ಯಾಮೆರಾ ಬೆಳಕು ಸಾಲದೆಂದು ತಿಳಿದು ಹೆಚ್ಚಿಸಿಬಿಡುತ್ತದೆ, ಕುತ್ತಿಗೆಯ ನೀಲಿ ಬಿಳಿಚಿಕೊಳ್ಳುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್, ಅಂದರೆ ಕ್ಯಾಮೆರಾ ಅಂದಾಜಿಗಿಂತ ಬೆಳಕನ್ನು ಹೆಚ್ಚು-ಕಡಿಮೆ ಮಾಡುವ ಗುಂಡಿ, ಅದನ್ನು -0.7ಕ್ಕೆ ಇಳಿಸಿ.

ಇನ್ನಿಸ್‌ಫೇಲ್, ಮಿಷನ್ ಬೀಚ್ ಕಡೆಯ ದಾರಿಯಲ್ಲಿ ಕ್ಯಾಸೊವರಿ ದಾಟುವ ಫಲಕವಿರುವ ಕಡೆ ವೇಗ ಇಳಿಸಿ. ಕಾರಿಗೆ ಸಿಕ್ಕಿ ಸಾಯುವುದು ಈ ಹಕ್ಕಿಗಿರುವ ದೊಡ್ಡ ಕಂಟಕಗಳಲ್ಲೊಂದು. ಇಕ್ಕೆಲದ ಬಾಳೆತೋಟಗಳಿಗೂ ಕಾಲಿಡಬೇಡಿ. 2015ರಲ್ಲಿ ಟಲಿ ಭಾಗದ ತೋಟದಲ್ಲಿ ಬಾಳೆಗಿಡವನ್ನು ಕೊಲ್ಲುವ ಪನಾಮ ರೋಗದ ಹೊಸ ತಳಿ ಕಾಣಿಸಿಕೊಂಡಿತು, ಅದು ಶೂಗೆ ಮೆತ್ತಿದ ಮಣ್ಣಿನಲ್ಲೇ ಹರಡುತ್ತದೆ.

10. ರಾತ್ರಿ, ದೊಡ್ಡ ಮಕ್ಕಳಿದ್ದರೆ ಮಾತ್ರ

ಸ್ಪಾಟ್‌ಲೈಟಿಂಗ್ ಎಂದರೆ ಟಾರ್ಚ್ ಹಿಡಿದು ರಾತ್ರಿ ಪ್ರಾಣಿಗಳ ಕಣ್ಣಹೊಳಪು ಹುಡುಕುವುದು. ಯಂಗಬರಾ ಹತ್ತಿರದ ಕರ್ಟನ್ ಫಿಗ್ ಎಂಬ, ಬಿಳಲುಗಳು ಪರದೆಯಂತೆ ಇಳಿಬಿದ್ದ ದೊಡ್ಡ ಅತ್ತಿಜಾತಿಯ ಮರದ ಬಳಿ ಮರದ ಹಲಗೆಯ ಹಾದಿಯಿದೆ, ಕಾಲಿಗೆ ಹಾವಿನ ಭಯ ಕಡಿಮೆ. ಮರ ಹತ್ತುವ ಲುಮ್‌ಹೋಲ್ಟ್ಸ್ ಕಾಂಗರೂ, ಹಸಿರು ರಿಂಗ್‌ಟೇಲ್ ಪೊಸಮ್ ಎಂಬ, ಮರದ ಮೇಲೆ ಬಾಳುವ ಸಣ್ಣ ಪ್ರಾಣಿ ಸಿಗುವ ಕಾಡು. ಟಾರ್ಚಿಗೆ ಕೆಂಪು ಪ್ಲಾಸ್ಟಿಕ್ ಹಾಳೆ ಕಟ್ಟಿ, ಒಂದು ಪ್ರಾಣಿಯ ಮೇಲೆ ಒಂದೆರಡು ನಿಮಿಷಕ್ಕಿಂತ ಹೆಚ್ಚು ಬೆಳಕು ಬಿಡಬೇಡಿ. ಬಾವಲಿ ನೆಲಕ್ಕೆ ಬಿದ್ದದ್ದು ಕಂಡರೆ ಮಕ್ಕಳು ಮುಟ್ಟದಂತೆ ತಡೆಯಿರಿ. ಅವುಗಳಲ್ಲಿ ಹುಚ್ಚುನಾಯಿ ರೋಗದ ವೈರಸ್ಸಿನ ಬಳಗದ ಲಿಸ್ಸಾವೈರಸ್ ಇರಬಹುದು. ಸ್ಥಳೀಯ ವನ್ಯಜೀವಿ ರಕ್ಷಕರಿಗೆ ಕರೆ ಮಾಡಿ, ನೀವು ಎತ್ತಬೇಡಿ.

11. ಮನೆಗೆ ಬಂದ ಮೇಲೆ

ದಿನದ ಫೋಟೋಗಳನ್ನು ಅಂದೇ ರಾತ್ರಿ ಮಕ್ಕಳ ಜೊತೆ ಕೂತು ಆರಿಸಿ. ಒಂದೊಂದು ಪ್ರಾಣಿಗೆ ಎರಡೋ ಮೂರೋ ಉಳಿಸಿಕೊಳ್ಳಿ, ಬೇರೆಯವನ್ನು ಅಳಿಸಿ. ಮಕ್ಕಳು ತೆಗೆದ ಫೋಟೋಗಳಲ್ಲಿ ಅವರೇ ಆರಿಸಲಿ. ಮಸುಕಾಗಿದ್ದರೂ ಅವರಿಗೆ ಬೇಕಾದದ್ದು ಇರಲಿ.

ಹೆಸರು ಗೊತ್ತಾಗದ ಕೀಟ, ಕಪ್ಪೆ, ಚಿಟ್ಟೆಗಳ ಫೋಟೋವನ್ನು ಐನ್ಯಾಚುರಲಿಸ್ಟ್ ಎಂಬ ಆ್ಯಪ್‌ಗೆ ಹಾಕಿದರೆ ತಿಳಿದವರು ಹೆಸರು ಹೇಳುತ್ತಾರೆ, ನಿಮ್ಮ ಫೋಟೋ ವಿಜ್ಞಾನಿಗಳ ದಾಖಲೆಗೂ ಸೇರುತ್ತದೆ. ಹಸಿರು-ಕಪ್ಪು-ಹಳದಿಯ ದೊಡ್ಡ ಚಿಟ್ಟೆ ಸಿಕ್ಕಿದ್ದರೆ ಅದು ಕೇರ್ನ್ಸ್ ಬರ್ಡ್‌ವಿಂಗ್, ಕರ್ನಾಟಕದ ರಾಜ್ಯಚಿಟ್ಟೆಯ ನೆಂಟ. ಚರ್ಮ ಒರಟಾದ, ಕಣ್ಣ ಹಿಂದೆ ಉಬ್ಬಿದ ಗಂಟಿರುವ ಕಪ್ಪೆಯಾದರೆ ಕೇನ್ ಟೋಡ್. ಕಬ್ಬಿನ ಕೀಟ ತಿನ್ನಲೆಂದು 1935ರಲ್ಲಿ ಕೇರ್ನ್ಸ್ ಪಕ್ಕದ ಗೋರ್ಡನ್‌ವೇಲ್‌ಗೆ ತಂದು, ಆಮೇಲೆ ಇಡೀ ಉತ್ತರ ಆಸ್ಟ್ರೇಲಿಯಾಕ್ಕೆ ಹರಡಿದ ವಿಷದ ಕಪ್ಪೆ ಅದು. ಮುಟ್ಟಿದ್ದರೆ ಕೈ ತೊಳೆಸಿ.

ಗೂಡು, ಅಪರೂಪದ ಹಕ್ಕಿ, ಮರಿಗಳಿರುವ ಕ್ಯಾಸೊವರಿ ಇವುಗಳ ಫೋಟೋ ಹಂಚುವ ಮುನ್ನ ಫೋಟೋದಲ್ಲಿ ಅಡಗಿರುವ ಸ್ಥಳದ ಮಾಹಿತಿಯನ್ನು ತೆಗೆದುಹಾಕಿ. ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಷನ್ ಆಫ್ ಮಾಡಿದರಾಯಿತು. ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದಲ್ಲೇ ಇರುವವರಾದರೆ, ಬರ್ಡ್‌ಲೈಫ್ ಆಸ್ಟ್ರೇಲಿಯಾ ಎಂಬ ಹಕ್ಕಿ ಸಂರಕ್ಷಣೆಯ ಸಂಸ್ಥೆ ನಡೆಸುವ ಹಿತ್ತಿಲ ಹಕ್ಕಿ ಎಣಿಕೆಗೆ ಮಕ್ಕಳ ಹೆಸರಿನಲ್ಲಿ ನೋಂದಾಯಿಸಿ. 20 ನಿಮಿಷ ಹಿತ್ತಿಲಲ್ಲೋ ಪಾರ್ಕಿನಲ್ಲೋ ಕೂತು ಕಂಡ ಹಕ್ಕಿಗಳನ್ನು ಎಣಿಸಿ ಕಳಿಸಬೇಕು, ಕ್ಯಾಮೆರಾ ಬೇಕಾಗಿಯೇ ಇಲ್ಲ.